ಕವಣೆ ಕಲಿತ ಕೈ

ಸಾಗರ
೧೨-೧-೧೯೭೯

ಅಪ್ಪಯ್ಯನಿಗೆ ವಿಶಾಲು ಮಾಡುವ ನಮಸ್ಕಾರ.

ಹಾಸ್ಟೆಲ್ ಊಟ ಒಗ್ಗಿದೆ, ಚಿಂತೆ ಬೇಡ. ಜನವರಿ ಇಪ್ಪತ್ತಾರಕ್ಕೆ ಡ್ರಿಲ್ ಟೀಚರ್ ಹೊಸ ಆಟ ಕಲಿಸುತ್ತಿದ್ದಾರೆ. ಎರಡು ಕೈಯಲ್ಲೂ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಚೆಂಡು. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸುತ್ತ ಬೆನ್ನ ಹಿಂದೆ ದಾಟಿಸಬೇಕು. ಉಳಿದವರೆಲ್ಲ ಹಗ್ಗ ಸುತ್ತಿಕೊಂಡು ನಿಲ್ಲುತ್ತಾರೆ. ನನಗೆ ಮೂರೇ ದಿನದಲ್ಲಿ ಬಂತು. ಗದ್ದೆಯ ಗಿಳಿ ಓಡಿಸಲು ನಿಮ್ಮ ಹತ್ತಿರ ಕವಣೆ ಕಲಿತ ಕೈ ಅಲ್ಲವಾ!

ಕಷ್ಟವೂ ಅದರದ್ದೇ. ಚೆಂಡು ಜೋರಾಗಿ ತಿರುಗತೊಡಗಿದ ಕೂಡಲೇ, ಕವಣೆ ಬೀಸುವಾಗ ನೀವು "ಬಿಡೇ ಈಗ!" ಅಂತ ಕೂಗುತ್ತಿದ್ದದ್ದು ಕೇಳಿಸಿ, ಕೈ ಹಗ್ಗ ಬಿಟ್ಟುಬಿಡುತ್ತದೆ. ಒಂದು ಚೆಂಡು ಇನ್ನೂ ಆಫೀಸಿನ ಹೆಂಚಿನ ಮೇಲಿದೆ. "ಇನ್ನೊಂದ್ಸಲ ಬಿಟ್ರೆ ಸಾಲಿಂದ ತೆಗೀತೀನಿ" ಅಂದರು ಟೀಚರ್. ನಾಲ್ಕು ದಿನದಿಂದ ಬಿಟ್ಟಿಲ್ಲ. ಈಗ ನನ್ನನ್ನೇ ನಡುವೆ ನಿಲ್ಲಿಸಿದ್ದಾರೆ.

ಹೊಸ ಚೆಂಡಿಗೆ ಅವ್ವನ ಹಳೇ ಕೆಂಪು ಸೀರೆಯ ತುಂಡು ಬೇಕು. ಇಪ್ಪತ್ತಾರರ ಹಿಂದಿನ ದಿನವೇ ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿ ನೀವೇ ತನ್ನಿ. ಆದರೆ ಆಟ ನೋಡಲು ಮುಂದಿನ ಸಾಲಿನಲ್ಲಿ ಮಾತ್ರ ಕೂರಬೇಡಿ ಅಪ್ಪಯ್ಯ. ನಿಮ್ಮ ಮುಖ ಕಂಡರೆ ಸಾಕು, ನೀವು ಬಾಯಿ ತೆರೆಯದಿದ್ದರೂ ಈ ಕೈ ಬಿಟ್ಟೇಬಿಡುತ್ತದೆ.

ನಿಮ್ಮ ಮಗಳು,
ವಿಶಾಲು