ನಿಮ್ಮ ಕೇಂದ್ರದ ಪಂಚರ್ ಪಾಠದ ಬಗ್ಗೆ

ಕೌದಳ್ಳಿ, ೧೯೭೪

ಕುಡಿತ ಬಿಡಿಸುವ ಕೇಂದ್ರದ ಮೇಲ್ವಿಚಾರಕರಾದ ಮಾನ್ಯರೇ,

ನನ್ನ ತಮ್ಮ ಪುಟ್ಟಮಾದಪ್ಪ ನಿಮ್ಮಲ್ಲಿ ಸಾರಾಯಿ ಬಿಟ್ಟಿದ್ದಾನೆ, ನಿಜ. ಅದರ ಬದಲು ಪಂಚರ್ ಸಲ್ಯೂಷನ್, ಅಂದರೆ ಟ್ಯೂಬಿಗೆ ತೇಪೆ ಹಾಕುವ ಅಂಟು, ಮೂಸುವುದನ್ನು ಕಲಿತಿದ್ದಾನೆ. ಬರುವ ಸೋಮವಾರ ಅವನನ್ನು 'ಸಂಪೂರ್ಣ ಗುಣಮುಖ' ಎಂದು ಬರೆದುಕೊಟ್ಟು ಮನೆಗೆ ಕಳಿಸುತ್ತೀರಂತೆ. ದಯವಿಟ್ಟು ಕಳಿಸಬೇಡಿ. ಇದನ್ನು ಹೇಳಲು ಕೊಳ್ಳೇಗಾಲದ ತಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ತಾವು ಊಟಕ್ಕೆ ಹೋಗಿದ್ದಿರಿ. ಊಟವಾದ ಮೇಲೆ ಪತ್ರಿಕೆಯನ್ನಾದರೂ ಓದುತ್ತೀರೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೈಕಸುಬು ಕಲಿಸುವ ತಮ್ಮ ಆಲೋಚನೆ ದೊಡ್ಡದು, ಅಲ್ಲಗಳೆಯುವುದಿಲ್ಲ. ಕುಡಿತ ಬಿಟ್ಟವರ ಕೈ ಖಾಲಿ ಇರಬಾರದೆಂದು ಸೈಕಲ್ ಟ್ಯೂಬು, ಕತ್ತರಿ, ಸಲ್ಯೂಷನ್ ಕೊಟ್ಟು ಒಂದು ಕೋಣೆಯಲ್ಲಿ ಕೂರಿಸಿದಿರಿ. ಸಾಮಾನು ಕಳುವಾಗದಿರಲೆಂದು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಸಿದಿರಿ. ಆಹಾ, ಎಂಥ ಮುಂದಾಲೋಚನೆ! ಹದಿನೆಂಟು ವರ್ಷದಿಂದ ಸೈಕಲ್ ಶಾಪ್ ಇಟ್ಟಿರುವ ನಾನೇ ಬೀದಿಯಲ್ಲಿ ಕೂತು ಪಂಚರ್ ಹಾಕುತ್ತೇನೆ ಸ್ವಾಮಿ. ಒಳಗೆ ಕೂತರೆ ಆ ವಾಸನೆಗೆ ತಲೆ ಗಿರ್ರೆನ್ನುತ್ತದೆ.

ಕಳೆದ ಭಾನುವಾರ ಅವನನ್ನು ನೋಡಲು ಹೋದೆ. ನಮ್ಮ ಕಸುಬಿನಲ್ಲಿ ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಬಳಿದು, ಒಣಗಲೆಂದು ಉಫ್ ಉಫ್ ಅಂತ ಊದುತ್ತೇವೆ. ನನ್ನ ತಮ್ಮ ಟ್ಯೂಬನ್ನು ಮೂಗಿಗೆ ಹಿಡಿದು ಉಸಿರನ್ನು ಒಳಕ್ಕೆ ಎಳೆಯುತ್ತಿದ್ದ! ಕಸುಬು ಕಲಿಸುವ ನಿಮ್ಮ ಮೇಷ್ಟ್ರು, "ನಿಮ್ ತಮ್ಮನಷ್ಟು ಶ್ರದ್ಧೆ ಯಾರ್ಗೂ ಇಲ್ಲ ಕಣ್ರಿ, ಊಟಕ್ ಕರುದ್ರೂ ಏಳಲ್ಲ" ಎಂದು ಹೊಗಳಿದರು. ಏಳುವುದಾದರೂ ಹೇಗೆ? ಕಾಲೇ ನಿಲ್ಲುತ್ತಿರಲಿಲ್ಲ. ಹೆಗಲ ಮೇಲಿನ ಟವಲಿಗೂ ಅದೇ ವಾಸನೆ, ಮೂಗಿನ ಸುತ್ತ ಹುಣ್ಣು. ಪ್ರತಿ ಸಂಜೆ ತಾವು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿ ಊದಿಸುತ್ತೀರಿ. ಸಾರಾಯಿ ವಾಸನೆ ಇಲ್ಲವೆಂದರೆ ಪಾಸು. ಕಣ್ಣು ನೋಡಿದ್ದೀರಾ? ಹೆಂಡತಿಯ ಹೆಸರು ಕೇಳಿದ್ದೀರಾ? ನಾನು ಕೇಳಿದೆ. 'ಮಹಾದೇವಮ್ಮ' ಎನ್ನಲು ಅವನು ತಡಕಾಡಿದ. ನನಗೆ ಅಳು ಬಂತು.

ಇಂಥವನಿಗೆ ತಾವು ಮುಂದಿನ ದಾರಿಯನ್ನೂ ತೋರಿಸಿದ್ದೀರಿ. ಬಿಡುಗಡೆಯ ಕಾಗದದಲ್ಲಿ 'ಅಣ್ಣನ ಸೈಕಲ್ ಶಾಪಿನಲ್ಲಿ ಕೆಲಸ' ಎಂದು ಬರೆದಿದ್ದೀರಿ. ಗೇಟಿನ ಬಳಿ ಅವನು ನನ್ನ ಕೈ ಹಿಡಿದುಕೊಂಡ.

"ಅಣ್ಣ, ನನ್ ಕರ್ಕಂಡೋಗ್ಬ್ಯಾಡ ಕಣಣ್ಣ. ನಿನ್ ಅಂಗ್ಡೀಲಿ ಕೂತ್ರೆ ನಾ ಉಳಿಯಕಿಲ್ಲ."

"ಲೇ, ಮತ್ಯಾಕ್ಲಾ ಸಾಯೇಬ್ರಿಗೆ ಯೋಳ್ನಿಲ್ಲ?"

"ಯೋಳ್ದೆ. ಬಾಯ್ ಊದು ಅಂದ್ರು, ಊದ್ದೆ. ಸರ್ಯಾಗಿದ್ದೀಯ ಓಗು ಅಂದ್ರು."

ಮಾನ್ಯರೇ, ತನ್ನ ರೋಗವನ್ನು ತಾನೇ ಹೇಳಿಕೊಂಡ ರೋಗಿ ಸಿಗುವುದು ಅಪರೂಪ. ಅಂಥವನನ್ನೂ ಪಾಸು ಮಾಡಿದಿರಲ್ಲ! ಆ ಕೋಣೆಗೆ ಬೀಗ ಹಾಕಿಸಿ. ಅಲ್ಲಿರುವ ಎಲ್ಲರನ್ನೂ ಡಾಕ್ಟರಿಗೆ ತೋರಿಸಿ. ಬಯಲಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ, ಹಿತ್ತಿಲಲ್ಲಿ ಸೊಪ್ಪು ಬೆಳೆಯಲಿ. ನನ್ನ ತಮ್ಮನ ತಲೆ ನೆಟ್ಟಗಾಗುವವರೆಗೆ ಅವನನ್ನು ಅಲ್ಲೇ ಇಟ್ಟುಕೊಳ್ಳಿ.

ಅವನು ಎಂದು ಬಂದರೂ ಬರಲಿ, ನನ್ನಿಂದ ಆಗುವುದನ್ನು ಮಾಡಿದ್ದೇನೆ. ಅಂಗಡಿಯ ಸಾಮಾನನ್ನೆಲ್ಲ ನಿನ್ನೆ ಮಾರ್ಟಳ್ಳಿಯವರೊಬ್ಬರಿಗೆ ಮಾರಿಬಿಟ್ಟೆ.

ಇಂತಿ,
ನಾಳೆಯಿಂದ ಯಾವ ಕಸುಬೆಂದು ಇನ್ನೂ ತಿಳಿಯದ
ಸದಾಶಿವಪ್ಪ