ನಿಂಗ್ರುಮಳ ಮದುವೆ ಬಟ್ಟೆ

ಲಾಸೆಮ್
ಮಾರ್ಚ್ ೧೪

ಅಕ್ಕ ಸುವಾರ್ತಿಗೆ ತಂಗಿ ಕಾಸಿನಾಳ ಸಲಾಮು.

ಮೂರು ವಾರವಾದರೂ ಕಾಗದವಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈಯಿ. ಸಾಲು ಸೊಟ್ಟಗಿದ್ದರೆ ಮಾತ್ರ ನಗಬೇಡ. ಆಪರೇಷನ್ ಆದ ಕಣ್ಣಿಗೆ ನೆಟ್ಟಗಿರುವ ಬಾಗಿಲೂ ಸೊಟ್ಟಗೇ ಕಾಣುತ್ತದೆ. ಪೊರೆ ಹೋಯಿತು, ಮಬ್ಬು ಹೋಗಲಿಲ್ಲ.

ನಿನ್ನ ಸುದ್ದಿ ಇಲ್ಲಿಯವರೆಗೂ ಬಂದಿದೆ. ಸುವಾರ್ತಿ ಮತ್ತೆ ಬಾಟಿಕ್ ಬರೆಯುವ ಚಾಂತಿಂಗ್ ಹಿಡಿದು ಬಟ್ಟೆಯ ಮೇಲೆ ಎಳ್ಳಿಗಿಂತ ಸಣ್ಣ ಮೇಣದ ಚುಕ್ಕೆ ಇಡುತ್ತಾಳಂತೆ. ಕೇಳಿ ಸಂತೋಷವಾಯಿತು ಎಂದು ಬರೆಯಬೇಕು. ಎಲ್ಲಿಯ ಸಂತೋಷ, ಹೊಟ್ಟೆ ಉರಿಯಿತು. ಇಬ್ಬರಿಗೂ ಒಬ್ಬಳೇ ತಾಯಿ, ಒಂದೇ ಸಕ್ಕರೆ ಕಾಯಿಲೆ, ಒಬ್ಬರೇ ಡಾಕ್ಟರು. ನಿನಗೆ ಪೊರೆ ತೆಗೆಯುವಾಗಲೇ ಕಣ್ಣೊಳಗೆ ಸ್ಟೀರಾಯ್ಡ್ ಇಂಜೆಕ್ಷನ್, ಹಿಂದಿನ ಪರದೆ ಊದಿಕೊಳ್ಳದಿರಲಿ ಎಂದು. ಮರುವಾರ ನನಗೆ ಬರೀ ಪೊರೆ ತೆಗೆದು ಕಳಿಸಿದರು. ದೊಡ್ಡವಳಿಗೆ ಉಪಚಾರ, ಚಿಕ್ಕವಳಿಗೆ ಮಿಕ್ಕಿದ್ದು ಎಂದು ಬೀದಿಯವರೆಲ್ಲರ ಹತ್ತಿರ ದೂರಿದ್ದೇನೆ.

ಬೆಸಾರ್ ತಿಂಗಳಲ್ಲಿ ನಿಂಗ್ರುಮಳ ಮದುವೆ. ಮಗಳು ಧಾರೆಗೆ ಉಡುವ ಸಿದೋಮುಕ್ತಿ ಬಟ್ಟೆಗೆ ಹೆತ್ತವಳೇ ಮೇಣ ಎಳೆಯಬೇಕಲ್ಲ. ಅರ್ಧ ಎಳೆದಿದ್ದೆ. ಮೊನ್ನೆ ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ನಾನು ಬರೆದ ಚಿಟ್ಟೆಯ ರೆಕ್ಕೆಯ ಗೆರೆಗಳು ಒಂದರ ಮೇಲೊಂದು ಏರಿಕೊಂಡಿದ್ದವು.

"ಬೇಜಾರು ಮಾಡ್ಕೋಬೇಡಮ್ಮ," ಅಂದಳು. "ದೊಡ್ಡಮ್ಮನ ಕೈಲಿ ಬರೆಸ್ತೀನಿ."

"ಬರೆಸ್ಕೋ. ಮದುವೆ ದಿನ ಅವಳನ್ನೇ ಅಮ್ಮ ಅಂತ ಪಕ್ಕದಲ್ಲಿ ಕೂರಿಸ್ಕೋ," ಅಂದೆ.

ಅತ್ತುಕೊಂಡು ಎದ್ದುಹೋದಳು. ಈ ಪತ್ರದ ಜೊತೆ ಹೊಸ ಬಿಳಿ ಬಟ್ಟೆ ಕಳಿಸುತ್ತಿದ್ದೇನೆ. ನೀನೇ ಬರೆ. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಬೇಡ. ನನ್ನ ಕಣ್ಣಿಗೆ ಆ ಇಂಜೆಕ್ಷನ್ ಈಗಲೂ ಕೊಡಬಹುದಂತೆ, ಎಷ್ಟು ನೋಟ ಬರುತ್ತದೋ ಹೇಳಲಾಗದಂತೆ.

ಭಾವನವರಿಗೆ ಸಲಾಮು ಹೇಳು. ದೇವರು ನಿನ್ನ ಕಣ್ಣು ಕಾಯಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ
ಕಾಸಿನಾ

ತಾ.ಕ. ಡಾಕ್ಟರದ್ದು ತಪ್ಪಿಲ್ಲ ಅಕ್ಕ. ನನ್ನ ಪೊರೆ ದಪ್ಪಗಿತ್ತು, ಹಿಂದಿನ ಪರದೆ ಅವರಿಗೆ ಕಾಣಲಿಲ್ಲ. ಸಕ್ಕರೆ ಇದೆಯಾ ಎಂದು ಮೂರು ಸಲ ಕೇಳಿದರು. ನಿನ್ನನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋಗಿದ್ದೆನಲ್ಲ, ಮೂರು ಸಲವೂ ಇಲ್ಲ ಎಂದೆ. ಮಗಳ ಬಟ್ಟೆ ಚೆನ್ನಾಗಿ ಬರಲೆಂದು ಹೇಳಿ ಆಪರೇಷನ್ನಿಗೆ ಮೊದಲು ನಿನ್ನ ಮನೆಯಲ್ಲಿ ನಾನು ಹಿಡಿದ ಉಪವಾಸವನ್ನು ನೀನು ಹೊಗಳಿದೆ. ನಿಜಕ್ಕೂ ಅದು ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿದು ತೋರಲಿ ಎಂದು. ಸಕ್ಕರೆಯವರ ಕಣ್ಣು ಪೂರ್ತಿ ಸುಧಾರಿಸುತ್ತದೆ ಎನ್ನಲಾರೆ ಎಂದು ಡಾಕ್ಟರು ನಿನಗೆ ಹೇಳಿದಾಗ ಪಕ್ಕದಲ್ಲೇ ಇದ್ದೆ. ಆ ಸಕ್ಕರೆಯವರ ಲೆಕ್ಕಕ್ಕೆ ನಾನು ಸೇರದಿದ್ದರೆ, ಒಂದು ಸಲವಾದರೂ ಬಟ್ಟೆ ಬರೆಯುವುದರಲ್ಲಿ ನಿನ್ನನ್ನು ಮೀರಿಸುತ್ತೇನೆ ಎಂದುಕೊಂಡೆ. ಅವರ ಮಾತಿಗೆ ನೀನು ಹೆದರಿ ನನ್ನ ಕೈ ಹಿಡಿದುಕೊಂಡೆ. ನನಗೆ ಖುಷಿಯಾಗಿತ್ತು.