ಕೈಯಲ್ಲಿದ್ದ ರಬ್ಬರ್ ಬ್ಯಾಂಡ್

ಅಮ್ಮಾ,

ಫೋನ್ ಮಾಡಿ ಮಾಡಿ ಸಾಕಾಯಿತು. ನೀನೂ ಎತ್ತುತ್ತಿಲ್ಲ, ಪುಟ್ಟಿಯ ಶಾಲೆಯವರೂ ಎತ್ತುತ್ತಿಲ್ಲ. ಅದಕ್ಕೇ ವ್ಯಾನ್ ಡ್ರೈವರ್ ಕೈಲಿ ಈ ಚೀಟಿ. ಹೊಲಿಗೆ ಅಲ್ಲಿಗೇ ಬಿಟ್ಟು ಶಾಲೆಗೆ ಓಡು. ಪುಟ್ಟಿಯನ್ನು ಒಳಗೆ ಕೂರಿಸು, ಬೇರೆ ಮಕ್ಕಳನ್ನೂ ಹೊರಗೆ ಬಿಡಬೇಡಿ ಅಂತ ಟೀಚರಿಗೆ ಹೇಳು.

ನೀನು ಹೊಲಿದುಕೊಟ್ಟ ಪ್ಯಾರಾಚೂಟಿನಲ್ಲಿ ತಪ್ಪೇನೂ ಇಲ್ಲ. ಮಡಿಸಿಟ್ಟಾಗ ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿರುತ್ತೇವೆ. ನಮ್ಮ ಕಾಲೇಜಿನ ಹವಾಮಾನ ಬಲೂನ್ ಹಾರಿಸುವ ಮುಂಚೆ ಅದನ್ನು ತೆಗೆದು ಕೈಗೆ ಹಾಕಿಕೊಂಡು ಎಲ್ಲರಿಗೂ ತೋರಿಸಬೇಕು. ಇವತ್ತು ಅದು ನನ್ನ ಕೆಲಸ. “ತೆಗೆದ್ಯಾ?” ಅಂತ ಸರ್ ಕೇಳಿದರು, ನಾನು ಕೈ ಎತ್ತಿದೆ. ಬಲೂನ್ ಕಣ್ಮರೆಯಾದ ಮೇಲೆ ನೋಡಿದರೆ, ಕೈಯಲ್ಲಿದ್ದದ್ದು ಬೆಳಿಗ್ಗೆ ಪುಟ್ಟಿಗೆ ಜಡೆ ಹಾಕುವಾಗ ಉಳಿದ ರಬ್ಬರ್ ಬ್ಯಾಂಡ್.

ಮಧ್ಯಾಹ್ನದ ಹೊತ್ತಿಗೆ ಬಲೂನ್ ಮೇಲೆ ಒಡೆಯುತ್ತದೆ. ಅದಕ್ಕೆ ಕಟ್ಟಿದ ನಮ್ಮ ಉಪಕರಣಗಳ ಪೆಟ್ಟಿಗೆ ಎರಡು ಕೆಜಿ ಇದೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವುದಿಲ್ಲ. ವಿಷಯ ಹೇಳಿದಾಗ ಸರ್, “ಗಾಳಿ ನಿಮ್ಮನೆ ಕಡೆಗೇ ಇದೆಯಲ್ಲಮ್ಮ” ಅಂದರು.

ನನ್ನನ್ನು ಆಮೇಲೆ ಬೈಯಿ. ಮಧ್ಯಾಹ್ನ ಶಾಲೆ ಮೈದಾನದ ನಡುವೆ ನಿಂತು ಅಕ್ಕನ ಬಲೂನಿಗೆ ಕೈ ಬೀಸು ಅಂತ ಪುಟ್ಟಿಗೆ ಹೇಳಿ ಬಂದವಳು ನಾನೇ.

ನಿನ್ನ ದೊಡ್ಡ ಮಗಳು